ಉಪ್ಪೂ ಗಾರೆಯೂ

ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕಲ್ಲನ್ನು ಹೊಗಳುತ್ತಾರೆ, ಕಲ್ಲಿನ ಮೇಲಣ ಕೆತ್ತನೆಯನ್ನು ಹೊಗಳುತ್ತಾರೆ, ಕಟ್ಟಿಸಿದ ಅರಸನನ್ನಂತೂ ಹೊಗಳಿಯೇ ತೀರುತ್ತಾರೆ. ಕಲ್ಲಿಗೂ ಕಲ್ಲಿಗೂ ನಡುವೆ ಕಣ್ಣಿಗೆ ಬೀಳದಂತೆ ಕುಳಿತು ಅವೆರಡನ್ನೂ ಒಂದು ಮಾಡಿರುವ ಗಾರೆಯ ಮಾತನ್ನು ಎತ್ತುವವರು ವಿರಳ. ಗಾರೆಯು ಗಟ್ಟಿಯಾಗಿರುವ ತನಕ ಅದನ್ನು ಯಾರೂ ನೆನೆಯುವುದಿಲ್ಲ. ಅದು ಉದುರತೊಡಗಿದ ದಿನ ಮನೆಯ ಯಜಮಾನನಿಗೆ ನಿದ್ರೆಯಿಲ್ಲ. ಈ ಉಪೇಕ್ಷಿತ ವಸ್ತುವಿಗೂ ಒಂದು ದೀರ್ಘವಾದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಅದಕ್ಕೆ ಎದುರಾಗಿ ನಿಂತ ಶತ್ರುಗಳಲ್ಲಿ ಉಪ್ಪು ಅತ್ಯಂತ ಪ್ರಬಲವಾದುದು. ಮಳೆಯು ಗಾರೆಯನ್ನು ಹೊರಗಿನಿಂದ ತೊಳೆಯುತ್ತದೆ, ಆಲದ ಬೇರು ಸಂದಿಯನ್ನು ಸೀಳುತ್ತದೆ. ಇವು ಕಣ್ಣಿಗೆ ಕಾಣುವ ಶತ್ರುಗಳು. ಉಪ್ಪಾದರೋ ನೀರಿನಲ್ಲಿ ಕರಗಿ, ನೀರಿನ ವೇಷದಲ್ಲಿಯೇ ಒಳಹೊಕ್ಕು, ಒಳಗಿನಿಂದ ಒಡೆಯುತ್ತದೆ.

ಈ ಸಂಗತಿಯನ್ನು ಪ್ರಾಚೀನರು ಕಂಡಿದ್ದರು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸನು ಈಜಿಪ್ಟ್ ದೇಶದ ನೆಲದಿಂದ ಉಪ್ಪು ಒಸರಿ ಪಿರಮಿಡ್ಡುಗಳನ್ನು ಸಹ ಕೆಡಿಸುತ್ತಿದೆಯೆಂದು ಬರೆದಿಟ್ಟಿದ್ದಾನೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ಸಮುದ್ರದ ಮರಳಿನಿಂದ ಗಾರೆ ಕಲಸಬಾರದೆಂದೂ, ಕಲಸಿದರೆ ಗೋಡೆಯಿಂದ ಉಪ್ಪು ಹೊರಬಿದ್ದು ಗಿಲಾವನ್ನು ಕಿತ್ತುಹಾಕುವುದೆಂದೂ ಎಚ್ಚರಿಸಿದ್ದಾನೆ. ನಮ್ಮ ಕರಾವಳಿಯ ಮನೆಗಳಲ್ಲಾಗಲಿ ಬಯಲುಸೀಮೆಯ ಸವಳು ನೆಲದ ಮೇಲೆ ಕಟ್ಟಿದ ಮನೆಗಳಲ್ಲಾಗಲಿ ಗೋಡೆಯ ಬುಡದಲ್ಲಿ ಬಿಳಿಯ ಹೂವಿನಂತೆ ಅರಳಿ, ಕೈಯಿಟ್ಟರೆ ಹಿಟ್ಟಿನಂತೆ ಉದುರುವ ಪದರವನ್ನು ನೋಡಿದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲದ ತೇವವು ಗೋಡೆಯೊಳಗೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ಹೊರಮೈಗೆ ಬಂದು ನೀರು ಆರಿಹೋಗುತ್ತದೆ, ಉಪ್ಪು ಅಲ್ಲಿಯೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುವ ಒತ್ತಡಕ್ಕೆ ಗಾರೆಯ ಸಣ್ಣ ರಂಧ್ರಗಳು ಬಿರಿಯುತ್ತವೆ. ಇದು ಉಪ್ಪಿನ ಬಹಿರಂಗವಾದ ಕೃತ್ಯ. ಇದಕ್ಕಿಂತ ಕ್ರೂರವಾದ ಇನ್ನೊಂದು ಕೃತ್ಯವುಂಟು. ಅದನ್ನು ಅರಿತುಕೊಳ್ಳುವುದಕ್ಕೆ ಮನುಷ್ಯನಿಗೆ ಸುಮಾರು ಎರಡು ಸಾವಿರ ವರ್ಷಗಳು ಹಿಡಿದುವು. ಈ ಲೇಖನದ ವಿಷಯ ಅದೇ.

ಬರಿಯ ಸುಣ್ಣದ ಗಾರೆಯು ಗಟ್ಟಿಯಾಗುವುದು ಗಾಳಿಯಿಂದ. ಸುಣ್ಣಕಲ್ಲನ್ನು ಸುಟ್ಟಾಗ ಅದರಲ್ಲಿದ್ದ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ನೀರೆರೆದು ಅರಳಿಸಿ ಮರಳಿನೊಡನೆ ಬೆರೆಸಿ ಗೋಡೆಗೆ ಮೆತ್ತಿದ ಮೇಲೆ ಅದು ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಹೀರಿ ಪುನಃ ಕಲ್ಲಾಗುತ್ತದೆ. ನೀರಿನ ಅಡಿಯಲ್ಲಿ ಈ ವ್ಯಾಪಾರವು ನಡೆಯಲಾರದು. ಆದುದರಿಂದ ಬರಿಯ ಸುಣ್ಣದಿಂದ ಸಮುದ್ರದಲ್ಲಿ ಕಟ್ಟಿದುದು ಕೆಸರಾಗಿ ಕರಗುವುದೇ ಸರಿ. ಇದಕ್ಕೆ ಉಪಾಯವನ್ನು ಕಂಡುಕೊಂಡವರಲ್ಲಿ ರೋಮನರು ಮುಖ್ಯರು. ನೇಪಲ್ಸ್ ಕೊಲ್ಲಿಯ ಸುತ್ತಮುತ್ತ ಜ್ವಾಲಾಮುಖಿಗಳು ಉಗುಳಿದ ಬೂದಿಯನ್ನು ಸುಣ್ಣದೊಡನೆ ಬೆರೆಸಿದರೆ ಆ ಗಾರೆಯು ನೀರಿನ ಒಳಗೇ ಬಿಗಿಯುವುದೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಸಮುದ್ರದ ಕೆಲಸಕ್ಕೆ ಎರಡು ಪಾಲು ಬೂದಿ, ಒಂದು ಪಾಲು ಸುಣ್ಣವೆಂಬ ಪ್ರಮಾಣವನ್ನು ವಿಟ್ರೂವಿಯಸನೇ ಕೊಟ್ಟಿದ್ದಾನೆ. ಪೊಟ್ಸುವೋಲಿ ಎಂಬ ಊರಿನ ಹೆಸರಿನಿಂದ ಈ ಬೂದಿಗೆ ಪೊಜ಼ೊಲಾನ ಎಂಬ ಹೆಸರು ಬಂದಿತು. ಹೆರೋಡ್ ದೊರೆಯು ಕ್ರಿಸ್ತಪೂರ್ವ ಒಂದನೆಯ ಶತಮಾನದ ಕೊನೆಯಲ್ಲಿ ಪ್ಯಾಲೆಸ್ಟೈನಿನ ಸಿಸೇರಿಯದಲ್ಲಿ ರೇವನ್ನು ಕಟ್ಟಿಸಿದಾಗ ಈ ಬೂದಿಯನ್ನು ಮೆಡಿಟರೇನಿಯನ್ ಸಮುದ್ರದ ಆಚೆಯ ತುದಿಯವರೆಗೂ ಹಡಗಿನಲ್ಲಿ ತರಿಸಿದ್ದನು. ಬೂದಿಯನ್ನು ಹಡಗಿನಲ್ಲಿ ತರಿಸುವುದೆಂದರೆ ಅದರ ಬೆಲೆಯನ್ನು ಅವರು ಎಷ್ಟೆಂದು ಕಟ್ಟಿದ್ದರೆಂಬುದನ್ನು ವಾಚಕರೇ ಊಹಿಸಬಹುದು.

ವಿಟ್ರೂವಿಯಸನ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಅದು ನಮಗೆ ಹತ್ತಿರದ ಮಾತು. ಹೊಳೆಯ ಮರಳಿಗಾಗಲಿ ಸಮುದ್ರದ ಮರಳಿಗಾಗಲಿ ಮೂರನೆಯ ಒಂದು ಪಾಲು ಕುಟ್ಟಿ ಜರಡಿ ಹಿಡಿದ ಸುಟ್ಟ ಮಣ್ಣಿನ ಪುಡಿಯನ್ನು ಸೇರಿಸಿದರೆ ಗಾರೆಯು ಉತ್ತಮವಾಗುವುದೆಂದು ಅವನು ಹೇಳುತ್ತಾನೆ. ಸುಟ್ಟ ಇಟ್ಟಿಗೆಯ ಪುಡಿಯೆಂದರೆ ನಮ್ಮ ಸುರ್ಕಿಯೇ ಹೊರತು ಬೇರೆಯಲ್ಲ. ಜ್ವಾಲಾಮುಖಿಯು ಭೂಮಿಯ ಗರ್ಭದಲ್ಲಿ ಮಾಡುವ ಕೆಲಸವನ್ನು ಕುಂಬಾರನ ಆವಿಗೆಯು ಮೇಲೆ ಮಾಡುತ್ತದೆ. ಎರಡೂ ಜೇಡಿಮಣ್ಣಿನ ಸತ್ವವನ್ನು ಬೇಯಿಸಿ ಸುಣ್ಣದೊಡನೆ ಕೂಡಿಕೊಳ್ಳುವ ಹಸಿವನ್ನು ಅದರಲ್ಲಿ ಹುಟ್ಟಿಸುತ್ತವೆ.

ರೋಮ್ ಸಾಮ್ರಾಜ್ಯವು ಅಳಿದ ಮೇಲೆ ಈ ವಿದ್ಯೆಯು ಯೂರೋಪಿನಲ್ಲಿ ಪೂರ್ತಿಯಾಗಿ ನಷ್ಟವಾಗದಿದ್ದರೂ ಮಂಕಾಯಿತು. ಅದನ್ನು ಹೊಸದಾಗಿ ಬೆಳಕಿಗೆ ತಂದುದು ಇಂಗ್ಲೆಂಡಿನ ಒಂದು ಬಂಡೆ. ಪ್ಲಿಮತ್ ಬಂದರಿನಿಂದ ಸುಮಾರು 22 ಕಿಲೋಮೀಟರು ದೂರದಲ್ಲಿ ಸಮುದ್ರದ ನಡುವೆ ಎಡ್ಡಿಸ್ಟನ್ ಎಂಬ ಬಂಡೆಗಳ ಸಾಲಿದೆ. ಭರತ ಬಂದಾಗ ಅದು ಮುಳುಗಿಹೋಗುವುದರಿಂದ ನಾವಿಕರ ಪಾಲಿಗೆ ಅದು ಮೃತ್ಯುವೇ ಆಗಿತ್ತು. ಅಲ್ಲಿ 1698ರಲ್ಲಿ ವಿನ್‌ಸ್ಟಾನ್ಲಿ ಎಂಬಾತನು ಕಟ್ಟಿದ ಮೊದಲನೆಯ ದೀಪಸ್ತಂಭವನ್ನು 1703ರ ಮಹಾ ಬಿರುಗಾಳಿಯು ಅವನೊಡನೆಯೇ ಹೊತ್ತುಕೊಂಡು ಹೋಯಿತು. 1709ರಲ್ಲಿ ಮುಗಿದ ಎರಡನೆಯದು ಮರದ ಕಟ್ಟಡ. 1755ರಲ್ಲಿ ಅದಕ್ಕೆ ಬೆಂಕಿ ಬಿದ್ದಿತು. ನೀರು ಒಂದನ್ನೂ ಬೆಂಕಿ ಒಂದನ್ನೂ ತಿಂದ ಮೇಲೆ ಮೂರನೆಯದನ್ನು ಕಟ್ಟುವ ಹೊಣೆಯು ಜಾನ್ ಸ್ಮೀಟನ್ ಎಂಬವನಿಗೆ ಬಂದಿತು. ಆಗ ಅವನಿಗೆ 32ನೆಯ ವಯಸ್ಸು. ಮೊದಲು ವೈಜ್ಞಾನಿಕ ಉಪಕರಣಗಳನ್ನು ಮಾಡುವ ಕಸಬಿನಲ್ಲಿದ್ದವನು. ಆದುದರಿಂದಲೇ ಏನೋ, ಯಾವುದನ್ನೂ ಅಳೆದು ನೋಡದೆ ನಂಬದ ಸ್ವಭಾವ ಅವನದು.

ಸ್ಮೀಟನನು ಸ್ತಂಭವನ್ನು ಕಲ್ಲಿನಿಂದಲೇ ಕಟ್ಟಬೇಕೆಂದು ನಿಶ್ಚಯಿಸಿದನು. ಬಡಗಿಯು ಮರದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸುವಂತೆ ಕಲ್ಲುಗಳನ್ನು ಕಚ್ಚಿಸುವ ಅವನ ಉಪಾಯವು ಪ್ರಸಿದ್ಧವಾಗಿದೆ. ಆದರೆ ಅವನಿಗೆ ಹೆಚ್ಚಿನ ಚಿಂತೆಯನ್ನು ತಂದುದು ಕಲ್ಲಲ್ಲ, ಗಾರೆ. ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ಮುಳುಗಿ ಏಳುವ ಸಂದಿಗಳಲ್ಲಿ ಯಾವ ಗಾರೆಯು ನಿಂತೀತು? ಆ ಕಾಲದ ಮೇಸ್ತ್ರಿಗಳಲ್ಲಿ ಒಂದು ದೃಢವಾದ ನಂಬಿಕೆಯಿತ್ತು. ಗಟ್ಟಿಯಾದ ಕಲ್ಲನ್ನು ಸುಟ್ಟರೆ ಗಟ್ಟಿಯಾದ ಸುಣ್ಣವೂ ಮೆತ್ತನೆಯ ಕಲ್ಲನ್ನು ಸುಟ್ಟರೆ ಮೆತ್ತನೆಯ ಸುಣ್ಣವೂ ಆಗುವುದೆಂದು. ಕೇಳಿದರೆ ಸಹಜವೆನಿಸುವ ಮಾತು. ಸ್ಮೀಟನನು ನಾನಾ ಕಡೆಯ ಸುಣ್ಣಕಲ್ಲುಗಳನ್ನು ತರಿಸಿ ಸುಟ್ಟು, ಗಾರೆಯ ಸಣ್ಣ ಉಂಡೆಗಳನ್ನು ಕಟ್ಟಿ, ಕೊಂಚ ಬಿಗಿದ ಕೂಡಲೆ ನೀರಿನಲ್ಲಿ ಹಾಕಿ ನೋಡಿದನು. ಗಟ್ಟಿಯಾದ ಅಮೃತಶಿಲೆಯ ಸುಣ್ಣದ ಉಂಡೆಯೂ ಮೆತ್ತನೆಯ ಸೀಮೆಸುಣ್ಣದ ಉಂಡೆಯೂ ಒಂದೇ ರೀತಿಯಲ್ಲಿ ನೀರಿನಲ್ಲಿ ಸೋತುವು. ವೇಲ್ಸ್ ಪ್ರಾಂತದ ಅಬರ್ಥಾ ಎಂಬ ಊರಿನ ನೀಲಿ ಛಾಯೆಯ ಕಲ್ಲಿನ ಸುಣ್ಣ ಮಾತ್ರ ಗೆದ್ದಿತು.

ಏಕೆ ಗೆದ್ದಿತೆಂಬುದನ್ನು ತಿಳಿಯುವುದಕ್ಕೆ ಅವನು ಪ್ಲಿಮತ್ತಿನ ಔಷಧವ್ಯಾಪಾರಿಯೂ ರಸಾಯನಜ್ಞನೂ ಆಗಿದ್ದ ಕುಕ್‌ವರ್ದಿಯಿಂದ ಒಂದು ಪರೀಕ್ಷೆಯನ್ನು ಕಲಿತನು. ಕಲ್ಲಿನ ಪುಡಿಯನ್ನು ಆಮ್ಲದಲ್ಲಿ ಹಾಕಿದರೆ ಸುಣ್ಣದ ಅಂಶವು ನೊರೆಗಟ್ಟಿ ಕರಗುತ್ತದೆ. ಕರಗದೆ ಉಳಿದುದೇನೆಂದು ನೋಡಬೇಕು. ಒಳ್ಳೆಯ ಬಿಳಿಯ ಸುಣ್ಣಕಲ್ಲಿನಲ್ಲಿ ಏನೂ ಉಳಿಯಲಿಲ್ಲ. ನೀಲಿಯ ಕಲ್ಲಿನಲ್ಲಿ ಕೆಸರಿನಂತಹ ಗಷ್ಟು ಉಳಿಯಿತು, ಅದು ಜೇಡಿಮಣ್ಣು. ಜೇಡಿಮಣ್ಣಿನ ಬೆರಕೆಯುಳ್ಳ ಸುಣ್ಣಕಲ್ಲೇ ನೀರಿನಲ್ಲಿ ನಿಲ್ಲತಕ್ಕ ಸುಣ್ಣವನ್ನು ಕೊಡುವುದೆಂದು ಅವನು ನಿರ್ಣಯಿಸಿದನು. ಶುದ್ಧವಾದುದು ಸೋಲುತ್ತದೆ, ಬೆರಕೆಯಾದುದು ಗೆಲ್ಲುತ್ತದೆ! ಇಂದಿನ ಸಿಮೆಂಟಿನ ವಿದ್ಯೆಯೆಲ್ಲವೂ ಈ ಒಂದು ಗಷ್ಟಿನಿಂದ ಹುಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

ಇದರ ಜೊತೆಗೆ ಅದೃಷ್ಟವೂ ಸೇರಿತು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕೆಲಸಕ್ಕೆ ಮಾರಬಹುದೆಂದು ಒಬ್ಬ ವರ್ತಕನು ಇಟಲಿಯ ಚಿವಿಟವೆಕ್ಕಿಯದಿಂದ ತರಿಸಿದ್ದ ಪೊಜ಼ೊಲಾನ ಬೂದಿಯು, ಕೊಳ್ಳುವವರಿಲ್ಲದೆ ಪ್ಲಿಮತ್ತಿನಲ್ಲಿಯೇ ಬಿದ್ದಿದ್ದಿತು. ಸ್ಮೀಟನನು ನೀಲಿ ಕಲ್ಲಿನ ಸುಣ್ಣವನ್ನೂ ಈ ಬೂದಿಯನ್ನೂ ಸಮಪಾಲಾಗಿ ಬೆರೆಸಿ, ಚೆನ್ನಾಗಿ ಕುಟ್ಟಿಸಿ ತನ್ನ ಗಾರೆಯನ್ನು ಮಾಡಿದನು. 1756ರಲ್ಲಿ ಆರಂಭವಾದ ಕೆಲಸವು ಮುಗಿದು 1759ರ ಅಕ್ಟೋಬರ್ 16ರಂದು ದೀಪವು ಬೆಳಗಿತು. ಆ ಸ್ತಂಭವು 120 ವರ್ಷಗಳಿಗಿಂತ ಹೆಚ್ಚು ಕಾಲ ನಿಂತಿತು. ಕೊನೆಗೆ ಅದನ್ನು ಬಿಚ್ಚಬೇಕಾಗಿ ಬಂದುದು ಅದರ ಅಡಿಯ ಬಂಡೆಯನ್ನು ಅಲೆಗಳು ಕೊರೆದುದರಿಂದ. ಮೇಲಿನ ಭಾಗವನ್ನು ಪ್ಲಿಮತ್ತಿಗೆ ತಂದು ಪುನಃ ನಿಲ್ಲಿಸಿದರು. ಬುಡವು ಇಂದಿಗೂ ಸಮುದ್ರದಲ್ಲಿ ತನ್ನ ಬಂಡೆಯ ಮೇಲೆಯೇ ಇದೆ.

ಈ ಅರಿವು ಹರಡಿದ ಮೇಲೆ ಜೇಡಿಮಣ್ಣನ್ನೂ ಸುಣ್ಣಕಲ್ಲನ್ನೂ ಕೃತಕವಾಗಿ ಬೆರೆಸಿ ಸುಡುವ ಪ್ರಯತ್ನಗಳು ಹುಟ್ಟಿಕೊಂಡುವು. ಫ್ರಾನ್ಸ್ ದೇಶದಲ್ಲಿ ಸುಯಾಕ್ ಎಂಬಲ್ಲಿ ಸೇತುವೆಯನ್ನು ಕಟ್ಟುತ್ತಿದ್ದ ಲೂಯಿ ವಿಕಾ ಎಂಬ ಇಂಜಿನಿಯರು ಅದರ ಶಾಸ್ತ್ರವನ್ನು ಕಟ್ಟಿದನು. ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆಗಾರೆಯವನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿನ ಸನ್ನದನ್ನು ಪಡೆದನು. ಮುಂದೆ ಹೆಚ್ಚಿನ ಕಾವಿನಲ್ಲಿ, ಕಲ್ಲು ಅರೆಕರಗುವವರೆಗೆ ಬೇಯಿಸಿದ ಸಿಮೆಂಟು ಬಂದಿತು. ಅದರ ಗಟ್ಟಿತನಕ್ಕೆ ಸರಿಸಾಟಿಯಿರಲಿಲ್ಲ. ಸುಣ್ಣದ ಗಾರೆಯು ವರ್ಷಗಟ್ಟಲೆ ಕಾದು ಪಡೆಯುವ ಬಲವನ್ನು ಅದು ಕೆಲವು ವಾರಗಳಲ್ಲಿ ಪಡೆಯುತ್ತಿತ್ತು. ಇನ್ನು ಸಮುದ್ರದ ಭಯವಿಲ್ಲವೆಂದು ಜನರು ಭಾವಿಸಿದುದು ಆಶ್ಚರ್ಯವಲ್ಲ. ರೇವುಗಳ ಗೋಡೆಗಳನ್ನು, ಅಲೆಗಳನ್ನು ತಡೆಯುವ ಕಟ್ಟೆಗಳನ್ನು ಸಿಮೆಂಟ್ ಕಾಂಕ್ರೀಟಿನಿಂದ ಕಟ್ಟತೊಡಗಿದರು.

ಕೆಲವು ಕಡೆ ಹತ್ತು ಹದಿನೈದು ವರ್ಷಗಳೂ ಕಳೆಯಲಿಲ್ಲ. ಕಾಂಕ್ರೀಟು ಮೊದಲು ಉಬ್ಬಿತು, ಬಿರಿಯಿತು, ಬಿರುಕುಗಳಿಂದ ಬಿಳಿಯ ಲೋಳೆಯು ಒಸರಿತು, ಒಳಭಾಗವು ಮೆತ್ತಗಾಗಿ ಕೈಗೆ ಬರುವಂತಾಯಿತು. ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಲ್ಲಿ ಹಡಗುಗಳನ್ನು ನೀರಿನಿಂದ ಎತ್ತಿ ದುರಸ್ತು ಮಾಡುವ ಕಟ್ಟೆಯೊಂದರ ಕಾಂಕ್ರೀಟು ಹೀಗೆ ಕೆಟ್ಟುದು 1880ರ ದಶಕದಲ್ಲಿ ಇಂಜಿನಿಯರುಗಳ ಲೋಕವನ್ನೇ ನಡುಗಿಸಿತು. ಆ ಬಿಳಿಯ ವಸ್ತುವನ್ನು ಪರೀಕ್ಷಿಸಿದಾಗ ಅದರಲ್ಲಿ ಮೆಗ್ನೀಷಿಯವು ವಿಶೇಷವಾಗಿ ಕಂಡುಬಂದಿತು. ಅದು ಸಿಮೆಂಟಿನಲ್ಲಿಯೇ ಇದ್ದ ದೋಷವೋ ಸಮುದ್ರದಿಂದ ಬಂದುದೋ ಎಂದು ದೊಡ್ಡ ವಾದವೆದ್ದಿತು. ಸಿಮೆಂಟನ್ನು ಮಾಡುವವರು ಸಮುದ್ರವನ್ನು ದೂರಿದರು, ಕಟ್ಟಿದವರು ಸಿಮೆಂಟನ್ನು ದೂರಿದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದ್ದಿತೆಂಬುದು ಮುಂದೆ ತಿಳಿದುಬಂದಿತು.

ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಬಹುಭಾಗ ನಾವು ಊಟಕ್ಕೆ ಬಳಸುವ ಉಪ್ಪೇ. ಗಾರೆಯ ಮಟ್ಟಿಗೆ ಹೇಳುವುದಾದರೆ ಈ ಊಟದ ಉಪ್ಪು ದೊಡ್ಡ ಶತ್ರುವಲ್ಲ. ಅದರ ಮರೆಯಲ್ಲಿ ಅಲ್ಪಪ್ರಮಾಣದಲ್ಲಿ ಅಡಗಿರುವ ಸಲ್ಫೇಟುಗಳೂ ಮೆಗ್ನೀಷಿಯದ ಲವಣಗಳೂ ನಿಜವಾದ ಶತ್ರುಗಳು. ವಿಕಾ ಮಹಾಶಯನು ತನ್ನ ವೃದ್ಧಾಪ್ಯದಲ್ಲಿ, 1850ರ ದಶಕದ ಕೊನೆಯಲ್ಲಿ, ಸಮುದ್ರದ ನೀರಿನಿಂದ ಗಾರೆಗಳು ಕೆಡುವ ರಾಸಾಯನಿಕ ಕಾರಣಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ದೋಷವನ್ನು ಮೆಗ್ನೀಷಿಯಂ ಸಲ್ಫೇಟಿನ ಮೇಲೆ ಹೊರಿಸಿದ್ದನು. ಈ ಲವಣವು ಗಾರೆಯಲ್ಲಿ ಯಾವುದರೊಡನೆಯೂ ಕೂಡದೆ ಉಳಿದಿರುವ ಸುಣ್ಣವನ್ನು ಹುಡುಕಿಕೊಂಡು ಹೋಗುತ್ತದೆ. ಎರಡೂ ಸಂಧಿಸಿದಾಗ ಕೊಳು-ಕೊಡೆ ನಡೆಯುತ್ತದೆ: ಮೆಗ್ನೀಷಿಯವು ಬಿಳಿಯ ಲೋಳೆಯಾಗಿ ಬೇರೆಯಾಗುತ್ತದೆ, ಸುಣ್ಣವು ಸಲ್ಫೇಟಿನೊಡನೆ ಕೂಡಿ ಜಿಪ್ಸಮ್ ಆಗುತ್ತದೆ. ಅಬರ್ಡೀನಿನ ಬಿಳಿಯ ವಸ್ತುವು ಈ ವ್ಯಾಪಾರದ ಫಲ.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. 1890ರಲ್ಲಿ ಫ್ರೆಂಚ್ ರಸಾಯನಜ್ಞ ಕಾಂಡ್ಲೋ ಎಂಬವನು ಈ ಜಿಪ್ಸಮ್ಮು ಸಿಮೆಂಟಿನಲ್ಲಿರುವ ಅಲ್ಯುಮಿನದ ಅಂಶದೊಡನೆಯೂ ಕೂಡಿ ಹೊಸದೊಂದು ಲವಣವಾಗುವುದನ್ನು ತೋರಿಸಿಕೊಟ್ಟನು. ಇದರ ಒಂದೊಂದು ಅಣುವೂ ನೀರಿನ 32 ಅಣುಗಳನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಸೂಜಿಯಂತಹ ಹರಳುಗಳಾಗಿ ಬೆಳೆಯುತ್ತದೆ. ಗಟ್ಟಿಯಾಗಿ ಬಿಗಿದ ಗಾರೆಯೊಳಗೆ ಇಷ್ಟು ನೀರನ್ನು ಕುಡಿದು ಊದಿಕೊಳ್ಳುವ ವಸ್ತುವು ಹುಟ್ಟಿದರೆ ಗಾರೆಯು ಬಿರಿಯದೆ ಇನ್ನೇನು ಮಾಡೀತು? ಬಂಡೆಯ ತೂತಿಗೆ ಒಣಮರದ ಬೆಣೆಯನ್ನು ಬಡಿದು ನೀರೆರೆದು ಬಂಡೆಯನ್ನು ಸೀಳುವ ಕಲ್ಲುಕುಟಿಗನ ಉಪಾಯವೇ ಇದು. ಜರ್ಮನಿಯ ವಿಲ್‌ಹೆಲ್ಮ್ ಮಿಖಾಯೆಲಿಸನು ಈ ಲವಣಕ್ಕೆ ಸಿಮೆಂಟಿನ ರೋಗಾಣುವೆಂದು ಹೆಸರಿಟ್ಟನು. ಕಾಖ್ ಮಹಾಶಯನು ಕ್ಷಯರೋಗದ ಅಣುವನ್ನು ಕಂಡುಹಿಡಿದು ಆಗಿನ್ನೂ ಹತ್ತು ವರ್ಷಗಳಾಗಿದ್ದುವು. ಹೆಸರು ಜನರ ಬಾಯಲ್ಲಿ ನಿಂತಿತು. ಇದೇ ವಸ್ತುವು ಪ್ರಕೃತಿಯಲ್ಲಿ ಖನಿಜವಾಗಿಯೂ ದೊರೆಯುತ್ತದೆ. ದೊರೆತ ಊರು ಎಟ್ರಿಂಗನ್ ಆದುದರಿಂದ ಇಂದು ಅದನ್ನು ಎಟ್ರಿಂಗೈಟ್ ಎನ್ನುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಾರೆಯು ಮೆತ್ತಗಿದ್ದುದರಿಂದ ಕೆಟ್ಟುದಲ್ಲ. ತನ್ನೊಳಗೆ ಕೂಡಲು ಕಾದಿರುವ ಸುಣ್ಣವನ್ನೂ ಅಲ್ಯುಮಿನವನ್ನೂ ಇಟ್ಟುಕೊಂಡಿದ್ದುದರಿಂದ ಕೆಟ್ಟಿತು. ಗಟ್ಟಿತನ ಬೇರೆ, ಬಾಳಿಕೆ ಬೇರೆ. ಈ ದೃಷ್ಟಿಯಿಂದ ನೋಡಿದಾಗ ರೋಮನರ ಬೂದಿಯ ಮರ್ಮವು ತಾನಾಗಿ ತಿಳಿಯುತ್ತದೆ. ಬೂದಿಯಲ್ಲಿರುವ ಸಿಲಿಕವು ಬಿಡಿಯಾಗಿ ಉಳಿದ ಸುಣ್ಣವನ್ನು ಮೊದಲೇ ಹಿಡಿದು ತನ್ನೊಡನೆ ಕಟ್ಟಿಹಾಕುತ್ತದೆ. ಉಪ್ಪು ಬಂದು ಕದ ತಟ್ಟುವ ವೇಳೆಗೆ ಒಳಗೆ ಅದರೊಡನೆ ಹೊರಟುಬರುವವರು ಯಾರೂ ಇರುವುದಿಲ್ಲ. ಅಲ್ಲದೆ ಹೀಗೆ ಹುಟ್ಟಿದ ವಸ್ತುವು ಸಣ್ಣ ರಂಧ್ರಗಳನ್ನು ತುಂಬುವುದರಿಂದ ನೀರು ಒಳಹೋಗುವ ದಾರಿಯೂ ಮುಚ್ಚುತ್ತದೆ.

ಮಿಖಾಯೆಲಿಸನು ಇದನ್ನು ಕಂಡು, ಸಮುದ್ರದ ಕೆಲಸಕ್ಕೆ ಸಿಮೆಂಟಿನೊಡನೆ ರೈನ್ ನದಿಯ ಪ್ರಾಂತದ ಟ್ರಾಸ್ ಎಂಬ ಜ್ವಾಲಾಮುಖಿಯ ಪುಡಿಯನ್ನು ಸೇರಿಸಬೇಕೆಂದು ವಾದಿಸಿದನು. ಸಿಮೆಂಟ್ ತಯಾರಕರಿಗೆ ಈ ಮಾತು ರುಚಿಸಲಿಲ್ಲ. ಅವರು ಬಹುಕಾಲದಿಂದ ಕಲಬೆರಕೆಯ ವಿರುದ್ಧ ಹೋರಾಡುತ್ತಿದ್ದವರು. ಅಗ್ಗದ ಪುಡಿಗಳನ್ನು ಬೆರೆಸಿ ಮಾರುವ ವಂಚಕರಿಂದ ತಮ್ಮ ಸರಕಿನ ಮರ್ಯಾದೆಯನ್ನು ಉಳಿಸಿಕೊಳ್ಳಲು ಶ್ರಮಿಸಿದವರು. ಈಗ ಒಬ್ಬ ವಿದ್ವಾಂಸನೇ ಬೆರಕೆ ಮಾಡಿರೆಂದರೆ ಅವರಿಗೆ ಹೇಗಾಗಿರಬೇಡ! ಅವರ ಅಂಜಿಕೆಯು ಕೇವಲ ಸ್ವಾರ್ಥದ್ದಾಗಿತ್ತೆಂದು ನಾವು ಹೇಳಲಾರೆವು. ಬೂದಿಯನ್ನು ಎಷ್ಟು ಸೇರಿಸಿದರೆ ಔಷಧ, ಎಷ್ಟು ಸೇರಿಸಿದರೆ ಮೋಸ ಎಂಬುದನ್ನು ಕೊಳ್ಳುವವನು ಕಣ್ಣಿನಿಂದ ನೋಡಿ ಹೇಳಲಾರನಷ್ಟೆ. ಆದರೂ ಸಮುದ್ರವು ವ್ಯಾಪಾರದ ನಿಬಂಧನೆಗಳನ್ನು ಓದುವುದಿಲ್ಲ. ಫ್ರಾನ್ಸಿನ ಬೂಲೋನ್ ಬಂದರಿನ ಪ್ರಯೋಗಶಾಲೆಯಲ್ಲಿ ರೆನೆ ಫೆರೆ ಎಂಬವನು ದೀರ್ಘಕಾಲ ನಡೆಸಿದ ಪ್ರಯೋಗಗಳೂ ಬೂದಿಯ ಪಕ್ಷವನ್ನೇ ಬಲಪಡಿಸಿದುವು.

ಸಮುದ್ರದಿಂದ ಸಾವಿರಾರು ಮೈಲಿ ದೂರದಲ್ಲಿದ್ದರೆ ಈ ಪೀಡೆಯಿಲ್ಲವೆಂದು ತಿಳಿಯಬಾರದು. ಈ ರೋಗದ ಮೂಲವನ್ನು ಖಚಿತವಾಗಿ ಕಂಡುಹಿಡಿದುದು ಕೆನಡ ದೇಶದ ನಡುನಾಡಿನಲ್ಲಿ, ಮರವಿಲ್ಲದ ಹುಲ್ಲುಗಾವಲಿನ ಬಯಲಿನಲ್ಲಿ. ಮಳೆ ಕಡಿಮೆಯಾದ ಆ ನಾಡಿನ ಮಣ್ಣಿನಲ್ಲಿ ಸೋಡಿಯಂ ಮತ್ತು ಮೆಗ್ನೀಷಿಯಂ ಸಲ್ಫೇಟುಗಳು ಹೇರಳವಾಗಿವೆ. ಬೇಸಗೆಯಲ್ಲಿ ತಗ್ಗಿನ ನೆಲವು ನಮ್ಮ ಸವಳು ಭೂಮಿಯಂತೆಯೇ ಬೆಳ್ಳಗಾಗುತ್ತದೆ. ಸಸ್ಕಾಚೆವಾನ್ ಪ್ರಾಂತದಲ್ಲಿ ಕೆಲವು ಕೆರೆಗಳಿಂದ ಸೋಡಿಯಂ ಸಲ್ಫೇಟನ್ನು ನಾವು ಉಪ್ಪನ್ನು ತೆಗೆಯುವಂತೆ ತೆಗೆಯುತ್ತ ಬಂದಿದ್ದಾರೆ. ಸಮುದ್ರದಲ್ಲಿ ಊಟದ ಉಪ್ಪಿನ ನೆರೆಯಿರುವುದರಿಂದ ಎಟ್ರಿಂಗೈಟಿನ ಉಪಟಳವು ಸ್ವಲ್ಪ ತಗ್ಗಿರುತ್ತದೆ. ಈ ಬಯಲಿನಲ್ಲಿ ಅಂತಹ ನೆರೆಯೂ ಇಲ್ಲ. ಸಲ್ಫೇಟು ನಿರಾತಂಕವಾಗಿ ತನ್ನ ಕೆಲಸವನ್ನು ಮಾಡುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಲಸೆ ಬಂದ ಜನರು ಅಲ್ಲಿ ಹೊಸ ಊರುಗಳನ್ನು ಕಟ್ಟಿದರು; ಅಡಿಪಾಯಗಳಿಗೂ ಚರಂಡಿಗಳಿಗೂ ಸೇತುವೆಗಳಿಗೂ ಸಿಮೆಂಟನ್ನು ಸುರಿದರು. ಕೆಲವೇ ವರ್ಷಗಳಲ್ಲಿ ನೆಲದೊಳಗಿನ ಕಾಂಕ್ರೀಟು ಕೆಟ್ಟು ಕೆಸರಾಗತೊಡಗಿತು. ಸಾಲ ಮಾಡಿ ಕಟ್ಟಿದ ಊರಿನ ಅಡಿಪಾಯವೇ ಕರಗುತ್ತಿದೆಯೆಂದರೆ ಆ ಜನರ ಪಾಡೇನು?

ಸಸ್ಕಾಟೂನಿನಲ್ಲಿ ಆಗ ಸಸ್ಕಾಚೆವಾನ್ ವಿಶ್ವವಿದ್ಯಾನಿಲಯವು ಇನ್ನೂ ಎಳೆಯದು. ಅಲ್ಲಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿ 1919ರಲ್ಲಿ ನಿಯಮಿತನಾದವನು ಥೋರ್ಬರ್ಗುರ್ ಥೋರ್ವಾಲ್ಡ್‌ಸನ್. ಇವನು 1883ರಲ್ಲಿ ಐಸ್‌ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಕೆನಡಕ್ಕೆ ವಲಸೆ ಬಂದು, ಮುಂದೆ ಹಾರ್ವರ್ಡಿನಲ್ಲಿ ಓದಿ ಬಂದವನು. ಜ್ವಾಲಾಮುಖಿಗಳ ನಾಡಿನಲ್ಲಿ ಹುಟ್ಟಿದವನು ಗಾರೆಯ ವೈದ್ಯನಾದುದು ಒಂದು ವಿನೋದ.

ಅವನ ಮಾರ್ಗವು ತಾಳ್ಮೆಯದು. ಪೋರ್ಟ್‌ಲೆಂಡ್ ಸಿಮೆಂಟು ಒಂದೇ ವಸ್ತುವಲ್ಲ. ಕುಲುಮೆಯಲ್ಲಿ ನಾಲ್ಕು ಮುಖ್ಯ ಸಂಯುಕ್ತಗಳು ಹುಟ್ಟಿ ಒಂದಾಗಿ ಬೆರೆತಿರುತ್ತವೆ. ಎರಡು ಸುಣ್ಣ ಮತ್ತು ಸಿಲಿಕದ ಸಂಯುಕ್ತಗಳು. ಇವೇ ಬಲವನ್ನು ಕೊಡುವುವು. ಮೂರನೆಯದು ಸುಣ್ಣವೂ ಅಲ್ಯುಮಿನವೂ ಕೂಡಿದ್ದು, ಅದಕ್ಕೆ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಎಂದು ಹೆಸರು. ನಾಲ್ಕನೆಯದರಲ್ಲಿ ಕಬ್ಬಿಣವೂ ಸೇರಿರುತ್ತದೆ. ಥೋರ್ವಾಲ್ಡ್‌ಸನನೂ ಅವನ ಶಿಷ್ಯರೂ ಇವುಗಳನ್ನು ಬೇರೆ ಬೇರೆಯಾಗಿ ಶುದ್ಧರೂಪದಲ್ಲಿ ತಯಾರಿಸಿ, ಒಂದೊಂದರಿಂದಲೂ ಗಾರೆಯ ಸಣ್ಣ ಕಂಬಿಗಳನ್ನು ಎರೆದು, ಸಲ್ಫೇಟಿನ ದ್ರಾವಣದಲ್ಲಿ ಮುಳುಗಿಸಿಟ್ಟು, ಅವು ಎಷ್ಟೆಷ್ಟು ಉದ್ದವಾಗುತ್ತವೆಂಬುದನ್ನು ಅಳೆಯುತ್ತ ಹೋದರು. ಗಾರೆಯು ಬಿರಿಯುವುದಕ್ಕಿಂತ ಮೊದಲು ಹಿಗ್ಗುತ್ತದೆ. ಆದುದರಿಂದ ಹಿಗ್ಗನ್ನು ಅಳೆದರೆ ರೋಗವನ್ನು ಮೊಳಕೆಯಲ್ಲಿಯೇ ಕಾಣಬಹುದು. ಸಿಲಿಕದ ಸಂಯುಕ್ತಗಳ ಕಂಬಿಗಳು ಬಹುಮಟ್ಟಿಗೆ ತಾಳಿಕೊಂಡುವು. ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟು ಸೇರಿದ ಕಂಬಿಗಳು ಉಬ್ಬಿ ಬಿರಿದುವು. 1920ರ ದಶಕದಲ್ಲಿ ನಡೆದ ಈ ಕೆಲಸದಿಂದ ಅಪರಾಧಿಯು ನಾಲ್ವರಲ್ಲಿ ಯಾರೆಂಬುದು ನಿರ್ವಿವಾದವಾಯಿತು. ಅದನ್ನು ಕಡಿಮೆ ಮಾಡಿದ ಸಿಮೆಂಟನ್ನು ತಯಾರಿಸಿದರೆ ಸವಳು ನೆಲದಲ್ಲಿಯೂ ಕಟ್ಟಡವು ನಿಲ್ಲುವುದೆಂಬುದು ಸಿದ್ಧವಾಯಿತು. ಹಾಗಾದರೆ ಆ ಸಂಯುಕ್ತವನ್ನು ಪೂರ್ತಿಯಾಗಿ ತೆಗೆದುಹಾಕಬಾರದೇಕೆಂದು ಯಾರಾದರೂ ಕೇಳಬಹುದು. ಅಲ್ಯುಮಿನವಿದ್ದರೆ ಕುಲುಮೆಯಲ್ಲಿ ಕಲ್ಲು ಬೇಗ ಕರಗುತ್ತದೆ, ಸೌದೆ ಉಳಿಯುತ್ತದೆ. ಉಪ್ಪಿನ ಹಾವಳಿಯಿಲ್ಲದ ಕಡೆ ಅದರಿಂದ ಹಾನಿಯೂ ಇಲ್ಲ.

ಇದಕ್ಕಿಂತ ಕೊಂಚ ಮೊದಲೇ ಇಟಲಿಯ ಫೆರಾರಿ ಎಂಬವನು ಕಬ್ಬಿಣದ ಅಂಶವನ್ನು ಹೆಚ್ಚಿಸಿ ಅಲ್ಯುಮಿನವನ್ನು ಅದರೊಡನೆ ಕಟ್ಟಿಹಾಕುವ ಸಿಮೆಂಟನ್ನು ಮಾಡಿದ್ದನು. ಅಮೆರಿಕದಲ್ಲಿ 1940ರಲ್ಲಿ ಸಿಮೆಂಟನ್ನು ಐದು ಬಗೆಗಳಾಗಿ ವಿಂಗಡಿಸಿದಾಗ ಐದನೆಯ ಬಗೆಯನ್ನು ಸಲ್ಫೇಟಿಗಾಗಿಯೇ ಮೀಸಲಿಟ್ಟರು. ಭಾರತದಲ್ಲಿಯೂ 1988ರ ಮಾನದಂಡವೊಂದು ಇಂತಹ ಸಿಮೆಂಟಿನಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟು ಶೇಕಡ 5ನ್ನು ಮೀರಕೂಡದೆಂದು ವಿಧಿಸಿತು.

ಫ್ರಾನ್ಸಿನವರು ಇದಕ್ಕೆ ವಿರುದ್ಧವಾದ ಹಾದಿಯನ್ನು ಹಿಡಿದುದು ಸ್ವಾರಸ್ಯವಾದ ಪ್ರಸಂಗ. ಸೂಯೆಜ್ ಕಾಲುವೆಯ ಬಂದರಿನ ಕಟ್ಟೆಗಳಿಗಾಗಿ 1864ರಲ್ಲಿ 1,10,000 ಟನ್ ಸುಣ್ಣವನ್ನು ಒದಗಿಸಿದ್ದ ಲಾಫಾರ್ಜ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಜೂಲ್ ಬಿಯೆ ಎಂಬವನು ಜಿಪ್ಸಮ್ ತುಂಬಿದ ನೆಲದಲ್ಲಿಯೂ ಕೆಡದ ಸಿಮೆಂಟನ್ನು ಹುಡುಕುತ್ತಿದ್ದನು. ಅಲ್ಯುಮಿನವನ್ನು ಕಡಿಮೆ ಮಾಡುವುದಕ್ಕೆ ಬದಲಾಗಿ ಅದನ್ನೇ ಪ್ರಧಾನವಾಗಿಟ್ಟು, ಬಾಕ್ಸೈಟನ್ನೂ ಸುಣ್ಣಕಲ್ಲನ್ನೂ ಕರಗಿಸಿ 1908ರಲ್ಲಿ ಹೊಸ ಸಿಮೆಂಟಿಗೆ ಸನ್ನದು ಪಡೆದನು. ಇದು ಬಿಗಿಯುವಾಗ ಬಿಡಿಸುಣ್ಣವೇ ಹುಟ್ಟುವುದಿಲ್ಲ. ಆದುದರಿಂದ ಸಲ್ಫೇಟಿಗೆ ಹಿಡಿತವಿಲ್ಲ. ಅಲ್ಲದೆ ಒಂದೇ ದಿನದಲ್ಲಿ ಪೂರ್ಣ ಬಲವನ್ನು ಪಡೆಯುತ್ತದೆ. ಈ ಎರಡನೆಯ ಗುಣವೇ ಅದಕ್ಕೆ ಮುಳುವಾಯಿತು. ಬೇಗ ಬೇಗ ಕಟ್ಟಬೇಕಾದವರು ಅದನ್ನು ಕಟ್ಟಡಗಳ ಮೇಲ್ಛಾವಣಿಯ ತೊಲೆಗಳಿಗೆ ಬಳಸಿದರು. ಶಾಖವೂ ತೇವವೂ ಇರುವೆಡೆಯಲ್ಲಿ ಅದರ ಹರಳುಗಳು ಕಾಲಕ್ರಮದಲ್ಲಿ ರೂಪಾಂತರ ಹೊಂದಿ ಗಾರೆಯು ರಂಧ್ರಮಯವಾಗುತ್ತದೆ. 1974ರಲ್ಲಿ ಲಂಡನ್ನಿನ ಸ್ಟೆಪ್ನಿಯ ಒಂದು ಶಾಲೆಯಲ್ಲಿ ಈಜುಕೊಳದ ಮೇಲಣ ಛಾವಣಿಯು ಕುಸಿಯಿತು. ತೊಲೆಯು ಹೀಗೆ ದುರ್ಬಲವಾಗಿದ್ದುದಲ್ಲದೆ ಪಕ್ಕದ ಗಿಲಾವಿನ ಸಲ್ಫೇಟು ಅದನ್ನು ತಿಂದಿತ್ತೆಂಬುದು ವಿಚಾರಣೆಯಿಂದ ತಿಳಿಯಿತು. ಸಲ್ಫೇಟನ್ನು ಗೆಲ್ಲಲೆಂದೇ ಹುಟ್ಟಿದ ಸಿಮೆಂಟು ಕೊನೆಗೆ ಸಲ್ಫೇಟಿಗೇ ಸೋತಿತು.

ಕಾಂಕ್ರೀಟಿನ ಒಳಗೆ ಉಕ್ಕಿನ ಸರಳುಗಳನ್ನು ಹುದುಗಿಸುವ ಪದ್ಧತಿ ಬಂದ ಮೇಲೆ ಲೆಕ್ಕವೇ ಬದಲಾಯಿತು. ಗಾರೆಗೆ ಅಷ್ಟಾಗಿ ಕೇಡು ಮಾಡದ ಊಟದ ಉಪ್ಪು ಉಕ್ಕಿಗೆ ಯಮನಾಯಿತು. ಅದರ ಕ್ಲೋರೈಡು ಒಳಹೊಕ್ಕು ಸರಳನ್ನು ತುಕ್ಕು ಹಿಡಿಸುತ್ತದೆ. ತುಕ್ಕು ಊದಿ ಕಾಂಕ್ರೀಟನ್ನು ಸೀಳುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮಹದಾಯಿಯಾಗಿ ಹುಟ್ಟಿ ಗೋವೆಯಲ್ಲಿ ಮಾಂಡೋವಿಯಾಗಿ ಸಮುದ್ರವನ್ನು ಸೇರುವ ನದಿಗೆ 1970ರಲ್ಲಿ ತೆರೆದ ಸೇತುವೆಯು, ಒಳಗಿನ ಉಕ್ಕು ತುಕ್ಕು ತಿಂದುದರಿಂದ 1986ರ ಜುಲೈ 5ರಂದು ಮುರಿದುಬಿದ್ದಿತು. ಇನ್ನೂ ಒಂದು ತೊಡಕಿದೆ. ಥೋರ್ವಾಲ್ಡ್‌ಸನನು ಅಪರಾಧಿಯೆಂದು ಹಿಡಿದುಕೊಟ್ಟ ಅಲ್ಯುಮಿನೇಟೇ ಕ್ಲೋರೈಡಿನ ಒಂದಂಶವನ್ನು ಹಿಡಿದಿಟ್ಟುಕೊಂಡು ಉಕ್ಕನ್ನು ಕೊಂಚಮಟ್ಟಿಗೆ ಕಾಯುತ್ತದೆ. ಅದನ್ನು ತೆಗೆದರೆ ಸಲ್ಫೇಟಿನಿಂದ ರಕ್ಷಣೆ, ಕ್ಲೋರೈಡಿಗೆ ಅವಕಾಶ. ಇಟ್ಟರೆ ಇದಕ್ಕೆ ವಿಪರೀತ. ಆದುದರಿಂದ ಸಮುದ್ರದಲ್ಲಿ ಉಕ್ಕು ಹುದುಗಿದ ಕೆಲಸಕ್ಕೆ ಸಲ್ಫೇಟಿನ ಸಿಮೆಂಟಿಗಿಂತ, ಕಬ್ಬಿಣದ ಕುಲುಮೆಯ ಕಿಟ್ಟವನ್ನಾಗಲಿ ಕಲ್ಲಿದ್ದಲ ಬೂದಿಯನ್ನಾಗಲಿ ಬೆರೆಸಿದ ಸಿಮೆಂಟೇ ಮೇಲೆಂದು ಈಗ ಎಣಿಸುತ್ತಾರೆ. ಅಂದರೆ ರೋಮನರ ದಾರಿಗೆ ಮರಳಿ ಬಂದಂತಾಯಿತು. ಮೆಗ್ನೀಷಿಯಂ ಸಲ್ಫೇಟು ಅತಿಯಾಗಿರುವೆಡೆಯಲ್ಲಿ ಬೂದಿಯೂ ಪೂರ್ಣ ರಕ್ಷೆಯಲ್ಲ. ಬಿಡಿಸುಣ್ಣವು ಸಿಗದಾಗ ಆ ಲವಣವು ಗಾರೆಗೆ ಬಲವನ್ನು ಕೊಡುವ ಸಿಲಿಕದ ಸಂಯುಕ್ತದ ಮೇಲೆಯೇ ಕೈಮಾಡುತ್ತದೆ.

ರೋಮನರ ಗಾರೆಯ ವಿಷಯದಲ್ಲಿ ಹೊಸದೊಂದು ಸಂಗತಿಯು ಈಚೆಗೆ ಹೊರಬಂದಿದೆ. ಮೇರಿ ಜಾಕ್ಸನ್ ಎಂಬ ವಿದುಷಿಯೂ ಸಂಗಡಿಗರೂ ಪ್ರಾಚೀನ ರೇವುಗಳ ಕಾಂಕ್ರೀಟನ್ನು ಕೊರೆದು ತೆಗೆದು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಪ್ರಕಾರ, ಶತಮಾನಗಳುದ್ದಕ್ಕೂ ಒಳಗೆ ಒಸರಿದ ಸಮುದ್ರದ ನೀರು ಬೂದಿಯೊಡನೆ ಕೂಡಿ, ರಂಧ್ರಗಳಲ್ಲಿ ಹೊಸ ಖನಿಜದ ಹರಳುಗಳನ್ನು ಬೆಳೆಸಿ ಗಾರೆಯನ್ನು ಹೆಣೆದುಬಿಟ್ಟಿದೆ. ಒಂದರಲ್ಲಿ ಬಿರಿಯಿಸುವ ಹರಳು, ಇನ್ನೊಂದರಲ್ಲಿ ಬೆಸೆಯುವ ಹರಳು, ನೀರು ಅದೇ. ಆದರೆ ರೋಮನರ ಕಟ್ಟೆಗಳಲ್ಲಿ ಉಕ್ಕು ಇರಲಿಲ್ಲವೆಂಬುದನ್ನು ಮರೆತು ಅವರನ್ನು ಹೊಗಳುವುದು ನ್ಯಾಯವಲ್ಲ.

ನಮ್ಮ ಸುರ್ಕಿಗೆ ಹಿಂದಿರುಗೋಣ. ಮೈಸೂರು ಸೀಮೆಯಲ್ಲಿ 1911ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದುದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಕಾವೇರಿಯ ಸಿಹಿನೀರಿನಲ್ಲಿ ಉಪ್ಪಿನ ಭಯವಿರಲಿಲ್ಲವೆಂಬುದು ನಿಜ. ಆದರೆ ನೀರಿನಲ್ಲಿ ಬಿಗಿಯುವ, ಸುಣ್ಣವನ್ನು ಕರಗಿಹೋಗಗೊಡದ ಗುಣವು ಅದೇ ಸುರ್ಕಿಯ ಗುಣ. ಮೊದಲು ಇದನ್ನು ಗಾಣದಲ್ಲಿ ಎತ್ತು ಕಟ್ಟಿ ಅರೆಯುತ್ತಿದ್ದ ಕಾಲದಲ್ಲಿ ನುಣ್ಣಗೆ ಅರೆಯದ ಗಾರೆಯನ್ನು ಮೇಸ್ತ್ರಿಯು ಹಿಂದಕ್ಕೆ ಕಳಿಸುತ್ತಿದ್ದನು. ಅದರಲ್ಲಿ ಶಾಸ್ತ್ರವಿತ್ತು: ಸುರ್ಕಿಯು ಸುಣ್ಣದೊಡನೆ ಕೂಡುವುದು ತನ್ನ ಮೈಯ ಮೇಲಷ್ಟೆ, ನುಣುಪಾದಷ್ಟೂ ಮೈಯು ಹೆಚ್ಚು. ಹದವಾಗಿ ಬೆಂದ ಜೇಡಿಯ ಪುಡಿಯೇ ಆಗಬೇಕು. ಅತಿಯಾಗಿ ಬೆಂದು ಕಪ್ಪಾಗಿ ಗಾಜಿನಂತಾದ ಇಟ್ಟಿಗೆಯನ್ನಾಗಲಿ, ಹಸಿಯಾಗಿ ಉಳಿದುದನ್ನಾಗಲಿ ಕುಟ್ಟಿ ಹಾಕಿದರೆ ಅದು ಮರಳಿಗಿಂತ ಉತ್ತಮವಲ್ಲ.

ಉಪ್ಪು ನೆಲದಲ್ಲಿ ಮನೆ ಕಟ್ಟುವವರು ಬೂದಿಯನ್ನೋ ಕಿಟ್ಟವನ್ನೋ ಬೆರೆಸಿದ ಸಿಮೆಂಟನ್ನು ಆರಿಸಿಕೊಂಡರೂ ಎರಡು ಕಡೆ ಕೆಲಸವು ಕೆಡುವುದುಂಟು. ಕಲಸುವ ಆಳು ಕೈಗೆ ಹಗುರಾಗಲೆಂದು ನೀರನ್ನು ಹೆಚ್ಚಾಗಿ ಸುರಿಯುತ್ತಾನೆ. ಬಿಗಿಯುವುದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ನೀರೆಲ್ಲವೂ ಆರಿಹೋದ ಮೇಲೆ ರಂಧ್ರಗಳನ್ನು ಉಳಿಸುತ್ತದೆ, ಅವೇ ಉಪ್ಪಿನ ರಾಜಬೀದಿ. ಎರಡನೆಯದಾಗಿ, ಬೆರಕೆಯ ಸಿಮೆಂಟು ನಿಧಾನವಾಗಿ ಬಲಗೊಳ್ಳುವುದರಿಂದ ಅದನ್ನು ಬರಿಯ ಸಿಮೆಂಟಿಗಿಂತ ಹೆಚ್ಚು ದಿನ ತೇವವಾಗಿಡಬೇಕು. ಮೂರನೆಯ ದಿನವೇ ನೀರು ಹಾಕುವುದನ್ನು ನಿಲ್ಲಿಸಿದರೆ ಬೂದಿಯು ಸುಣ್ಣವನ್ನು ಹಿಡಿಯುವ ಮೊದಲೇ ಗಾರೆಯು ಒಣಗಿ, ಸೇರಿಸಿದ ಬೂದಿಯು ಬರಿಯ ಬೂದಿಯಾಗಿಯೇ ಉಳಿಯುತ್ತದೆ. ಕಲಸುವ ನೀರೂ ಮರಳೂ ಸಿಹಿಯಾಗಿರಬೇಕೆಂಬುದನ್ನು ವಿಟ್ರೂವಿಯಸನೇ ಹೇಳಿದಂತಾಗಿದೆ. ಹಿನ್ನೀರಿನ ಮರಳನ್ನು ಲಾರಿಗಟ್ಟಲೆ ತಂದು ತೊಳೆಯದೆ ಬಳಸುವವರು ಉಪ್ಪನ್ನು ಹೊರಗಿನಿಂದ ಬರುವ ತನಕ ಸಹ ಕಾಯದೆ ಗೋಡೆಯೊಳಗೆ ತಾವೇ ಇಟ್ಟು ಕಟ್ಟುತ್ತಿದ್ದಾರೆ.